ಸೀಮೆ ದಾಟಬೇಕಿದ್ದ ಸೈನ್ಯ ಭೀಮೆ ದಾಟಿತು

ಹೋದ ತಿಂಗಳು ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಒಂದು ಸೈನ್ಯ ಭೀಮಾ ನದಿಯನ್ನು ದಾಟಿತು. ದಾಟಬಾರದಿತ್ತು.

ದಾಟಿಸಿದವರು ಸಮಾಜ ವಿಜ್ಞಾನದ ಸಾಬಣ್ಣ ಮಾಸ್ತರು. ಅವರ ಪಾಠ ಕೇಳಿದವರಿಗೆ ಗೊತ್ತು, ಯುದ್ಧ ಅಂದರೆ ಅವರಿಗೆ ಇಸವಿ ಅಲ್ಲ, ಧೂಳು. 'ನಮ್ಮ ಯಾದಗಿರಿ ಭೀಮಾ ಹೊಳಿ ನೋಡೀರಿಲ್ಲ, ಅದನ್ನ ದಾಟಿ ಬಂದ್ರು ನೋಡ್ರೆಪಾ. ಆವಾಗ ಬ್ರಿಜ್ ಎಲ್ಲಿತ್ತು? ಆನಿ ನೀರಾಗ ಇಳದ್ವು, ಕುದರಿ ಇಳದ್ವು. ಜ್ವಾಳದ ಚೀಲ ತಲಿ ಮ್ಯಾಲ ಹೊತ್ಕೊಂಡು ಸಿಪಾಯಿಗಳು ಎದಿ ಮಟ ನೀರಾಗ ನಡದ್ರು.'

ಪಕ್ಕದ ಕೋಣೆಯಲ್ಲಿ ನಾನು ಸಂಧಿ ಹೇಳಿಕೊಡುತ್ತಿದ್ದೆ. ಎರಡು ಕೋಣೆಗಳ ನಡುವಿನ ಗೋಡೆ ಮೇಲಿನವರೆಗೆ ಹೋಗುವುದಿಲ್ಲ. ನನ್ನ ಮಕ್ಕಳ ಕಿವಿಯೆಲ್ಲ ಆ ಕಡೆ. (ನನ್ನ ಕಿವಿಯೂ. ಎದೆ ಮಟ್ಟದ ನೀರಿನಲ್ಲಿ ಆನೆ ನಡೆಯುವಾಗ ಸವರ್ಣದೀರ್ಘ ಸಂಧಿ ಯಾರಿಗೆ ಬೇಕು?)

ಆಗ ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಕೇಳಿತು. 'ಸರ್, ಪುಸ್ತಕದಾಗ ಭೀಮೆ ಇಲ್ರಿ. ಸೀಮೆ ಅಂತ ಐತ್ರಿ. ರಾಜ್ಯದ ಸೀಮೆ ದಾಟಿತು ಅಂತ.'

ಮೊದಲು ಒಬ್ಬರು ನಕ್ಕರು. ಆಮೇಲೆ ಎಲ್ಲರೂ.

'ಇನ್ನೊಮ್ಮೆ ಓದವ್ವಾ' ಎಂದರು ಮಾಸ್ತರು. ಹುಡುಗಿ ಓದಿದಳು. ಅವರು, 'ಹಂಗಾದ್ರ ತಪ್ಪು ನಂದು. ಸೀಮೆ ಅಂತ ಬರಕೋರಿ' ಎಂದರು. ಗಂಟೆ ಬಾರಿಸುವವರೆಗೆ ಆ ಕೋಣೆಯಿಂದ ಮತ್ತೆ ಮಾತು ಕೇಳಲಿಲ್ಲ.

ಇಷ್ಟೇನಾ? ಮಾಸ್ತರು ಒಂದು ಶಬ್ದ ತಪ್ಪಿದರೆ ಅದೂ ಒಂದು ಸುದ್ದಿಯೇ? ನಾವೆಲ್ಲ ದಿನಕ್ಕೆ ಹತ್ತು ತಪ್ಪುತ್ತೇವೆ. ಆದರೆ ನಾವು ತಪ್ಪಿದರೆ ಪುಸ್ತಕ ನೋಡಿ ತಿದ್ದಿಕೊಳ್ಳುತ್ತೇವೆ. ಸಾಬಣ್ಣ ಮಾಸ್ತರರಿಗೆ ಪುಸ್ತಕ ಕಾಣುವುದಿಲ್ಲ.

ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತಾ ಬರುವ ರೋಗ. ಮೊದಲು ಬಸ್ಸಿನ ಬೋರ್ಡು ಹೋಯಿತು, ಆಮೇಲೆ ಮಕ್ಕಳ ಮುಖ, ಕೊನೆಗೆ ಕರಿಹಲಗೆ. ಹೋಗುತ್ತಿದ್ದುದು ಅವರಿಗೆ ಗೊತ್ತಿತ್ತು. ಹಾಗಾಗಿ ಕಾಣುವಷ್ಟು ದಿನ ತಾವು ಕಲಿಸುವ ಮೂರೂ ತರಗತಿಯ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡರು. ಪೂರ್ತಿ ಕತ್ತಲಾದ ಮೇಲೂ ಪಾಠ ನಿಲ್ಲಲಿಲ್ಲ. 'ನಲವತ್ತನೇ ಪುಟ ತಗೀರಿ, ಕೆಳಗ ಎಡಕ್ಕ ಒಂದು ಚಿತ್ರ ಅದ ನೋಡ್ರಿ' ಎನ್ನುವಾಗ ಹೊಸಬರಿಗೆ ಇವರಿಗೆ ಕಣ್ಣಿಲ್ಲ ಅಂತ ತಿಳಿಯುತ್ತಲೇ ಇರಲಿಲ್ಲ.

ಈ ವರ್ಷ ಪುಸ್ತಕಗಳೇ ಬದಲಾದವು.

ಯಾವ ಪುಟದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ. ಹೆಡ್‌ ಮಾಸ್ತರರು ಕೆಟ್ಟವರಲ್ಲ, ಕಾಳಜಿಯಿಂದಲೇ ಹೇಳಿದರು: 'ಸಾಬಣ್ಣ, ಇಷ್ಟು ವರ್ಷ ದುಡದೀರಿ. ಇನ್ನ ಲೈಬ್ರರಿ ನೋಡ್ಕೊಂಡು ಆರಾಮ ಇರ್ರಿ.' (ಕಣ್ಣು ಕಾಣದವರಿಗೆ ಲೈಬ್ರರಿ. ನಮ್ಮ ಇಲಾಖೆಗಳ ಕಾಳಜಿಯ ರೀತಿಯೇ ಹೀಗೆ.)

ಸಾಬಣ್ಣ ಮಾಸ್ತರು ಒಪ್ಪಲಿಲ್ಲ. ಸ್ಟಾಫ್‌ ರೂಮಿನಲ್ಲಿ ನನ್ನ ಕುರ್ಚಿ ಹುಡುಕಿಕೊಂಡು ಬಂದು ಕೇಳಿದರು. 'ಮೇಡಂ, ನೀವು ಕನ್ನಡದವರು. ಉಚ್ಚಾರ ಸಾಫ್ ಅದ. ಹೊಸಾ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡ್ತೀರೇನ್ರಿ? ನಾ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂತೀನಿ.'

ಉಚ್ಚಾರ ಸಾಫ್ ಅಂತ ಹೊಗಳಿಸಿಕೊಂಡ ಮೇಲೆ ಒಲ್ಲೆ ಎನ್ನುವುದುಂಟೇ?

ಭಾನುವಾರಗಳ ಬೆಳಗು ಅದಕ್ಕೇ ಮೀಸಲಾಯಿತು. ಶಹಾಪುರದ ನಮ್ಮ ಮನೆಯ ಹಿಂದಿನ ಕೋಣೆ, ಒಂದು ಕಂಪ್ಯೂಟರು, ಅದಕ್ಕೆ ಚುಚ್ಚಿದ ಒಂದು ಮೈಕು. ಮನೆಯವರಿಗೆ ಮಿಕ್ಸರ್ ಹಾಕಬೇಡಿ ಅಂದೆ. ಎದುರು ಮನೆಯ ಗಿರಣಿ ಶುರುವಾಗುವ ಮೊದಲೇ ಕೂತೆ. ಫ್ಯಾನ್ ಮಾತ್ರ ಆರಿಸಲಿಲ್ಲ. ನಮ್ಮ ಊರಿನ ಬಿಸಿಲು ಕಂಡವರು ಅದನ್ನು ತಪ್ಪು ಎನ್ನಲಾರರು.

ಮೊದಲ ಪಾಠ ಮುಗಿಸಿ ಕೇಳಿದೆ. ನನ್ನ ದನಿ ನನಗೇ ಅಪರಿಚಿತ. (ನಿಮಗೂ ಹಾಗೇ ಆಗಿರಬೇಕು. ಇಷ್ಟು ಕೀರಲು ದನಿಯಲ್ಲಿ ಇಷ್ಟು ವರ್ಷ ಮಾತಾಡಿದೆನೇ ಅನ್ನಿಸುತ್ತದೆ.) ಆದರೆ ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ಮೂರು ಪುಸ್ತಕ ಓದಿ ಮುಗಿಸುವಷ್ಟರಲ್ಲಿ ಮಳೆಗಾಲ ಬಂದು, ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಗೆ ನೀರೂ ಬಿಟ್ಟಿದ್ದರು.

ಆಮೇಲೆ ಬಂತು ತೊಡಕು. ಮಾಸ್ತರರ ಹತ್ತಿರ ಇದ್ದದ್ದು ಬಟನ್ ಫೋನು. ಮುಟ್ಟಿದರೆ ಬೆರಳಿಗೆ ಸಿಗುವ ಬಟನ್ನು ಅವರಿಗೆ ಬೇಕು, ಗಾಜಿನ ಫೋನು ಬೇಡ. ಅದರಲ್ಲಿ ಹಿಡಿಯುವುದು ಸಣ್ಣ ಮೆಮೊರಿ ಕಾರ್ಡು. ಆ ಕಾರ್ಡಿನ ಅರ್ಧದಲ್ಲಿ ಅವರ ಹೆಂಡತಿ ಈರಮ್ಮ ಕೇಳುವ ತತ್ವಪದಗಳು. ಅಳಿಸೋಣವೇ ಅಂದದ್ದಕ್ಕೆ ಮಾಸ್ತರು, 'ಬ್ಯಾಡ್ರಿ ಮೇಡಂ, ಮನ್ಯಾಗ ಅನ್ನ ಸಿಗೋದಿಲ್ಲ' ಎಂದರು. ಉಳಿದ ಅರ್ಧದಲ್ಲಿ ಮೂರು ಪುಸ್ತಕ ಕೂರಬೇಕು. ನನ್ನ ಫೈಲುಗಳೋ ಒಂದೊಂದೂ ಆನೆ.

ಹೀಗಾಗಿ ಸುರಪುರದ ಪಕ್ಕದ ರಂಗಂಪೇಟೆಯ ಮೌಲಾಲಿ ಭಾಯಿಯ ಅಂಗಡಿಗೆ ಹೋದೆ. ಮದುವೆ ವಿಡಿಯೋ ಮಿಕ್ಸಿಂಗ್, ಭಜನೆ ಮಂಡಳಿಯ ರೆಕಾರ್ಡಿಂಗ್, ಕಾರ್ಡಿಗೆ ಹಾಡು ತುಂಬುವುದು ಎಲ್ಲಾ ಅಲ್ಲೇ. ಮೌಲಾಲಿ ಭಾಯಿ ನನ್ನದೇ ವಯಸ್ಸಿನವರು. ಫೈಲು ನೋಡಿ, 'ಸಣ್ಣ ಮಾಡಿ ಕೊಡ್ತೀನ್ರಿ ಟೀಚರಮ್ಮ' ಅಂದರು. 'ಕ್ವಾಲಿಟಿ ಕೆಡಬಾರದು, ಮಕ್ಕಳ ಪಾಠ ಇದು' ಅಂದೆ ನಾನು. 'ಬಿಲ್ಕುಲ್ ಕೆಡೋದಿಲ್ಲ. ಸಿಡಿ ಕ್ವಾಲಿಟಿ ಇಡ್ತೀನಿ.' ಸಂಜೆಗೆಲ್ಲ ಕಾರ್ಡು ಮಾಸ್ತರರ ಫೋನು ಸೇರಿತು. ನಾನು ದೊಡ್ಡ ಕೆಲಸ ಮಾಡಿದವರ ಹಾಗೆ ಶಹಾಪುರದ ಬಸ್ಸು ಹತ್ತಿದೆ.

ಆಮೇಲೆಯೇ ಆ ಸೈನ್ಯ ಭೀಮೆ ದಾಟಿದ್ದು.

ಮಾರನೇ ದಿನ ಮಾಸ್ತರು ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಹೆಡ್‌ ಮಾಸ್ತರರು, 'ಸಾಬಣ್ಣ ಫೋನ್ ಮಾಡಿದ್ರು. ಲೈಬ್ರರಿಗೆ ಹಾಕ್ರಿ ಅಂತ ಅವ್ರೇ ಅಂದ್ರು. ಸೋಮವಾರ ಟೈಮ್‌ಟೇಬಲ್ ಬದಲಿ ಮಾಡ್ತೀನಿ' ಎಂದರು.

ಶಾಲೆ ಬಿಟ್ಟ ಮೇಲೆ ನಾನು ಮನೆ ಕಡೆ ಹೋಗುವ ಬದಲು ರಂಗಂಪೇಟೆಯ ಕಡೆ ಹೋದೆ. ಮಾಸ್ತರರ ಮನೆಯೂ ಅಲ್ಲೇ. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕುಶಲ ಕೇಳಿದರು, ಮಳೆಯ ಮಾತಾಡಿದರು. ಪಾಠದ ಮಾತು ತೆಗೆಯಲಿಲ್ಲ. ಈರಮ್ಮ ಚಹಾ ಕೊಡುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದರು.

'ಅಕ್ಕಾರ, ಇವ್ರು ನಿಮ್ಮ ಮುಂದ ಹೇಳಂಗಿಲ್ಲ. ಆ ಫೋನಿನಾಗಿನ ಪಾಠ ಹತ್ತು ಸಲ ಕೇಳ್ಯಾರ್ರಿ. ಹತ್ತು ಸಲನೂ ಭೀಮೆ ಅಂತನ ಕೇಳಸ್ಯಾದಂತ. ಮೊದಲು ಕಣ್ಣು ಹೋತು, ಈಗ ಕಿವೀನೂ ಹೊಂಟ್ಯಾವ ಈರಮ್ಮ ಅಂದ್ರು. ಮೂರು ದಿನ ಆತು, ಅನ್ನ ಮುಂದಿಟ್ಟರ ಸುಮ್ಕ ಕೂಡ್ತಾರ.'

ನಾನು ಚಹಾ ಕೆಳಗಿಟ್ಟೆ.

ಮಕ್ಕಳು ನಕ್ಕರಲ್ಲ ಎಂಬ ನೋವು ಅಂದುಕೊಂಡಿದ್ದೆ. ಅವರು ಹೆದರಿದ್ದು ಅದಕ್ಕಲ್ಲ. ಕಣ್ಣಿಲ್ಲದವನಿಗೆ ಜಗತ್ತು ಒಳಗೆ ಬರುವ ಬಾಗಿಲು ಕಿವಿಯೊಂದೇ. ಅದೂ ಮುಚ್ಚುತ್ತಿದೆ ಅಂತ ಒಬ್ಬ ಮನುಷ್ಯ ಪಡಸಾಲೆಯಲ್ಲಿ ಒಬ್ಬನೇ ಕೂತು ಲೆಕ್ಕ ಹಾಕುತ್ತಿದ್ದ. ಏನೂ ಆಗದವನ ಹಾಗೆ ನನ್ನ ಜೊತೆ ಮಳೆಯ ಮಾತಾಡಿದ್ದ.

ಪಡಸಾಲೆಗೆ ಬಂದು, 'ಸರ್, ಆ ಫೋನ್ ಜರಾ ಕೊಡ್ರಿ' ಅಂದೆ.

ಕೊಟ್ಟರು. ಇಯರ್‌ಫೋನ್ ಹಾಕಿಕೊಂಡೆ. ಆ ಪಾಠ ಹಚ್ಚಿದೆ.

ಓದುಗರೇ, ಅದು ನನ್ನ ದನಿಯಲ್ಲ. ಬಾವಿಯ ತಳದಲ್ಲಿ ಕೂತು, ಬಾಯಿ ತುಂಬ ನೀರು ಇಟ್ಟುಕೊಂಡು ಯಾರೋ ಓದುತ್ತಿದ್ದಾರೆ. ಸಕಾರ ಬಂದಲ್ಲೆಲ್ಲ ಗುಳುಗುಳು. ಶಕಾರ ಬಂದಲ್ಲಿ ಗೆಜ್ಜೆ ಅಲುಗಿಸಿದಂತೆ ಜುಳುಜುಳು. ಹಿಂದೆ ಫ್ಯಾನಿನ ಸದ್ದು ಬೇರೆ, ಅದೂ ಪುಟಿಯುತ್ತಾ ಕುಣಿಯುತ್ತಾ. 'ರಾಜ್ಯದ ಉತ್ತರದ' ಆದ ಮೇಲೆ ಒಂದು ಗುಳುಕು, ಅದರ ಬೆನ್ನಿಗೆ 'ಈಮೆ ದಾಟಿತು'. ಯಾವ ಈಮೆ? ಹುಟ್ಟಿದಾಗಿನಿಂದ ಭೀಮೆಯ ಹೆಸರು ಕೇಳುತ್ತ ಬೆಳೆದವರಿಗೆ ಮತ್ತೆ ಯಾವುದು ಕೇಳಿಸಬೇಕು? ಓದಿದವಳು ನಾನು. ನನಗೂ ಭೀಮೆ ಅಂತಲೇ ಕೇಳಿಸಿತು.

'ಸರ್, ನನಗೂ ಭೀಮೆನೇ ಕೇಳಸ್ತು' ಅಂದೆ.

'ಸಮಾಧಾನ ಮಾಡಾಕ ಹೇಳಬ್ಯಾಡ್ರಿ ಮೇಡಂ.'

'ಇಲ್ರಿ ಸರ್. ಈರಮ್ಮಗ ಕೇಳಸ್ರಿ.'

ಈರಮ್ಮ ಒಂದು ಕಿವಿಗೆ ಹಚ್ಚಿಕೊಂಡು ಕೇಳಿದರು. 'ಇದೇನಿದು, ಹಂಡೇದಾಗ ಮಾತಾಡಿದಂಗ ಅದ. ನನ್ನ ತತ್ವಪದ ಹಿಂಗ ಇಲ್ಲಲ್ಲ' ಎಂದರು.

ಮಾಸ್ತರು ಎದ್ದು ಚಪ್ಪಲಿ ಹುಡುಕಿ ಹಾಕಿಕೊಂಡರು. 'ಮೌಲಾಲಿ ಅಂಗಡಿ ತೆರದಿರ್ತಾನ. ನಡೀರಿ.'

ನನ್ನ ಭುಜದ ಮೇಲೆ ಕೈ ಇಟ್ಟು ನಡೆದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಂಬಿ ಆಮೇಲೆ ಸುಳ್ಳಾದರೆ ಎಂಬ ಭಯ ಇದ್ದಿರಬೇಕು.

ಮೌಲಾಲಿ ಭಾಯಿ ಫೈಲು ಕೇಳಿ ಹುಬ್ಬು ಗಂಟಿಕ್ಕಿದರು. 'ಯಾ ಅಲ್ಲಾ, ಇಷ್ಟು ಖರಾಬ್ ಹೆಂಗಾತು? ಸಿಡಿ ಕ್ವಾಲಿಟಿನೇ ಇಟ್ಟೀನಲ್ರಿ. ನಲವತ್ನಾಕು ಸಾವಿರದ ನೂರು. ನೋಡ್ರಿಲ್ಲಿ.'

ಪರದೆಯ ಮೇಲೆ ಎರಡು ಡಬ್ಬಿ. ಒಂದರಲ್ಲಿ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ದನಿಗೆ ಎಷ್ಟು ಜಾಗ ಕೊಡಬೇಕು ಅನ್ನುವುದು. ಅದನ್ನು ಮೂವತ್ತೆರಡಕ್ಕೆ ಇಳಿಸಿದ್ದರು, ಕಾರ್ಡಿನಲ್ಲಿ ಹಿಡಿಯಬೇಕಲ್ಲ. ಇನ್ನೊಂದರಲ್ಲಿ ಸ್ಯಾಂಪ್ಲಿಂಗ್ ರೇಟ್, ಅಂದರೆ ಒಂದು ಸೆಕೆಂಡಿನಲ್ಲಿ ದನಿಯನ್ನು ಎಷ್ಟು ಸಲ ಅಳೆಯಬೇಕು ಅನ್ನುವುದು. ಅದನ್ನು ನಲವತ್ತನಾಲ್ಕು ಸಾವಿರದ ನೂರರಲ್ಲೇ ಬಿಟ್ಟಿದ್ದರು.

'ಇದನ್ಯಾಕ ಇಳಸಿಲ್ರಿ ಭಾಯಿ?' ಅಂತ ಕೇಳಿದೆ.

'ಅದನ್ನ ಇಳಸಿದ್ರ ಕ್ವಾಲಿಟಿ ಹೋಗ್ತದಲ್ರಿ. ನೀವೇ ಕೆಡಬಾರದು ಅಂದಿದ್ರಿ.'

ಹೌದು, ನಾನೇ ಅಂದಿದ್ದೆ. ದೊಡ್ಡ ನಂಬರು ಒಳ್ಳೆಯ ನಂಬರು. ನಾವು ಅಂಕಪಟ್ಟಿ ಕೊಡುವ ಜನ, ಬೇರೆ ರೀತಿ ಯೋಚಿಸುವುದು ಹೇಗೆ?

ಬಿಟ್‌ರೇಟ್ ಏರಿಸಿದರೆ ಕಾರ್ಡಿನಲ್ಲಿ ಕೂರುವುದಿಲ್ಲ. ಉಳಿದದ್ದು ಎರಡನೇ ಡಬ್ಬಿ ಒಂದೇ. 'ಇಳಸಿ ನೋಡೂಣು, ಹೋಗೋದೇನದ' ಎಂದರು ಮಾಸ್ತರು. ಅಷ್ಟು ಹೊತ್ತಿನಲ್ಲಿ ಅವರಾಡಿದ ಮೊದಲ ಮಾತು.

ಮೌಲಾಲಿ ಭಾಯಿ ಸಿಟ್ಟಿನಿಂದಲೋ ಏನೋ ಒಂದೇ ಸಲ ತಳಕ್ಕೆ, ಎಂಟು ಸಾವಿರಕ್ಕೆ ಇಳಿಸಿದರು. ಮಾಸ್ತರರ ತಲೆಗೆ ಹೆಡ್‌ಫೋನ್ ಹಾಕಿದೆವು. ಕೇಳಿದ್ದನ್ನು ಗಟ್ಟಿಯಾಗಿ ಹೇಳಬೇಕು ಅಂತ ಮಾತಾಯಿತು.

'ಗುಳುಗುಳು ನಿಂತದ' ಎಂದರು. 'ಖರೇ, ಬಿಲ್ಕುಲ್ ನಿಂತದ. ಆದ್ರ ಮೂಗು ಹಿಡ್ಕೊಂಡು ಫೋನಿನಾಗ ಮಾತಾಡಿದಂಗ ಅದ. ಫ್ರೆಂಚರು ಅಂದ್ರೋ ಸೆಂಚರು ಅಂದ್ರೋ ಗೊತ್ತಾಗವಲ್ದು.'

ನೀವೂ ಗಮನಿಸಿರಬಹುದು. ಫೋನಿನಲ್ಲಿ ಹೆಸರು ಹೇಳುವಾಗ 'ಫ ಅಲ್ಲ ಸ, ಸಕ್ಕರೆಯ ಸ' ಅಂತ ಒದರಬೇಕಾಗುತ್ತದಲ್ಲ? ಕಾರಣ ಇದೇ ಅಂತ ಆಮೇಲೆ ಓದಿ ತಿಳಿದುಕೊಂಡೆ. ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಎತ್ತರದ ಸ್ವರದವರೆಗೆ ಮಾತ್ರ ಹಿಡಿಯಲು ಬರುತ್ತದೆ. ಎಂಟು ಸಾವಿರ ಸಲ ಅಳೆದರೆ, ಸೆಕೆಂಡಿಗೆ ನಾಲ್ಕು ಸಾವಿರ ಸಲ ಕಂಪಿಸುವ ಸ್ವರದವರೆಗೆ. ಆಕಾರ ಓಕಾರಗಳು ಅದರೊಳಗೆ ಆರಾಮಾಗಿ ಕೂರುತ್ತವೆ. ಸಕಾರ ಶಕಾರಗಳ ಜೀವ ಇರುವುದು ಅದರ ಮೇಲೆ. ಅಲ್ಲಿಗೆ ಕತ್ತರಿ ಹಾಕಿದರೆ ಸಲವೂ ಒಂದೇ, ಫಲವೂ ಒಂದೇ.

'ನಡುವಿಂದು ಹಾಕ್ರಿ' ಅಂದೆ. ಇಪ್ಪತ್ತೆರಡು ಸಾವಿರದ ಐವತ್ತು. ಮೊದಲಿನದರ ಸರಿಯಾಗಿ ಅರ್ಧ. ಬಿಟ್‌ರೇಟ್ ಅದೇ ಮೂವತ್ತೆರಡು, ಫೈಲಿನ ಗಾತ್ರವೂ ಅಷ್ಟೇ. ಅಷ್ಟೇ ಜಾಗದಲ್ಲಿ, ಕಡಿಮೆ ಅಳತೆಯಲ್ಲಿ ದನಿ ಸುಧಾರಿಸುತ್ತದೆ ಅಂತ ನನಗೂ ನಂಬಿಕೆ ಇರಲಿಲ್ಲ, ಮೌಲಾಲಿ ಭಾಯಿಗೂ ಇರಲಿಲ್ಲ.

ಪಾಠ ಶುರುವಾಯಿತು. ಮಾಸ್ತರು ಕೇಳುತ್ತಾ ಕೂತರು. ಕೇಳಿದ್ದನ್ನು ಹೇಳಬೇಕು ಅಂತ ಮಾತಾಗಿತ್ತಲ್ಲ, ಹೇಳಲಿಲ್ಲ. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ನಾನು ಮೌಲಾಲಿ ಭಾಯಿಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಕೊನೆಗೆ ಮಾಸ್ತರು ಕೈ ಎತ್ತಿದರು. 'ನಿಂದ್ರಸ್ರಿ. ಆ ಸಾಲು ಇನ್ನೊಮ್ಮೆ ಹಚ್ರಿ.'

ಹಚ್ಚಿದರು.

'ಸೀಮೆ' ಎಂದರು ಮಾಸ್ತರು. 'ರಾಜ್ಯದ ಉತ್ತರದ ಸೀಮೆ. ಅಲ್ಲಿ ನೀವು ಹಾಳಿ ತಿರುವೀರಿ, ಮೇಡಂ. ಅದೂ ಕೇಳಸ್ತು.'

ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಎರಡೂ ಕಿವಿಗಳನ್ನು ಅಂಗೈಯಿಂದ ಒಮ್ಮೆ ಉಜ್ಜಿಕೊಂಡರು. 'ನನ್ನ ಕಿವಿ ಛಲೋ ಅದಾವ' ಎಂದರು. ನಮಗಲ್ಲ, ತಮಗೇ ಹೇಳಿಕೊಂಡಂತೆ. ಆಮೇಲೆ ಬೇರೆ ದನಿಯಲ್ಲಿ, 'ಮೌಲಾಲಿ, ಚಹಾ ತರಸೋ. ಈರಮ್ಮಗ ಒಂದು ಫೋನ್ ಮಾಡ್ಬೇಕು.'

ಮೌಲಾಲಿ ಭಾಯಿ ಬಾಗಿಲ ಕಡೆ ತಿರುಗಿ ಚಹಾದವನನ್ನು ಕರೆಯುವ ನೆಪದಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಹೊರಗೆ ನಿಂತರು. ನಾನು ಕಂಪ್ಯೂಟರಿನ ಪರದೆ ನೋಡುತ್ತಿದ್ದೆ. ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಚಹಾ ಕುಡಿಯುತ್ತಾ ಮೂವರೂ ಇದು ಹೀಗೇಕೆ ಅಂತ ತಲೆ ಕೆಡಿಸಿಕೊಂಡೆವು. ಮೊದಲು ಹೊಳೆದದ್ದು ಮೌಲಾಲಿ ಭಾಯಿಗೆ. ಕಾಲುವೆಯ ಕೊನೆಗೆ ಅವರದೂ ಒಂದು ತುಂಡು ಹೊಲ ಇದೆ. 'ನೀರು ಬಿಡೋದು ಇಷ್ಟೇ ಅಂತ ಇಟ್ಕೋರಿ. ಇಡೀ ಹೊಲಕ್ಕ ಹರಸಿದ್ರ ಯಾವ ಸಾಲೂ ತೋಯಂಗಿಲ್ಲ. ಅರ್ಧಕ್ಕ ಬದು ಹಾಕಿ ಕಟ್ಟಿದ್ರ ಆ ಅರ್ಧ ಆದ್ರೂ ಬೆಳೀತದ. ಇದೂ ಹಂಗ ಇರಬೇಕ್ರಿ.'

ಹಾಗೆಯೇ ಇತ್ತು. ನಲವತ್ತನಾಲ್ಕು ಸಾವಿರ ಸಲ ಅಳೆದಾಗ ಆ ಬಡಪಾಯಿ ಪ್ರೋಗ್ರಾಮು ಬಹಳ ಎತ್ತರದ ಸ್ವರಗಳನ್ನೂ ಉಳಿಸಿಕೊಳ್ಳಲು ನೋಡುತ್ತದೆ. ಆ ಎತ್ತರದಲ್ಲಿ ನನ್ನ ಮಾತು ಎಲ್ಲಿತ್ತು? ಅಲ್ಲಿದ್ದದ್ದು ಫ್ಯಾನಿನ ಸುಯ್ಯೆನ್ನುವ ಸದ್ದು, ಮೈಕಿನ ಸ್ವಂತ ಗೊಣಗಾಟ. ಇರುವ ಸ್ವಲ್ಪ ಜಾಗವನ್ನು ಅದಕ್ಕೂ ಹಂಚಿ, ಮಾತಿಗೂ ಹಂಚಿ, ಕೊನೆಗೆ ಎರಡೂ ಹರಿದು ಚಿಂದಿ. ಅರ್ಧಕ್ಕೆ ಇಳಿಸಿದಾಗ ಫ್ಯಾನಿನ ಪಾಲು ಬಹಳಷ್ಟು ತಪ್ಪಿ ಮಾತಿಗೆ ಸಿಕ್ಕಿತು. ಜಾಗ ಧಾರಾಳವಾಗಿ ಇದ್ದರೆ ದೊಡ್ಡ ನಂಬರೇ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಜಾಗ ಇಲ್ಲದಾಗ ಮಾತ್ರ, ಏನನ್ನು ಬಿಡಬೇಕು ಅಂತ ಯಾರಾದರೂ ಹೇಳಬೇಕು. ಯಾರೂ ಹೇಳದಿದ್ದರೆ ಯಂತ್ರ ಎಲ್ಲವನ್ನೂ ಅಷ್ಟಷ್ಟೇ ಕೆಡಿಸುತ್ತದೆ.

(ಯಂತ್ರ ಮಾತ್ರವೇ? ನಮ್ಮ ಶಾಲೆಯಲ್ಲಿ ಒಬ್ಬ ಮಾಸ್ತರರಿಗೆ ಪಾಠ, ಬಿಸಿಯೂಟ, ಸಮೀಕ್ಷೆ, ಚುನಾವಣೆ, ಸಮವಸ್ತ್ರದ ಅಳತೆ. ದಿನ ಅಷ್ಟೇ ಉದ್ದ. ಯಾವ ಅಕ್ಷರ ಗುಳುಗುಳು ಆಗುತ್ತಿದೆ ಅಂತ ಕೇಳಿ ನೋಡುವವರಿಲ್ಲ.)

ಶನಿವಾರ ಇಡೀ ದಿನ ಮೌಲಾಲಿ ಭಾಯಿ ಮೂರೂ ಪುಸ್ತಕಗಳನ್ನು ಹೊಸದಾಗಿ ಇಳಿಸಿ ಕಾರ್ಡಿಗೆ ತುಂಬಿದರು. ಕೂಲಿ ಎಷ್ಟು ಅಂದರೆ ಬೇಡ ಅಂತ ಕೈ ಮುಗಿದರು. ಈರಮ್ಮನ ತತ್ವಪದಗಳಿಗೆ ಏನೂ ಆಗಲಿಲ್ಲ.

ಸೋಮವಾರ ಪ್ರಾರ್ಥನೆಗೆ ಮೊದಲೇ ಸಾಬಣ್ಣ ಮಾಸ್ತರು ಹೆಡ್‌ ಮಾಸ್ತರರ ಕೋಣೆಗೆ ಹೋದರು. ನಾನೂ ಹೋದೆ. ಅವರು ಬಹಳ ಮಾತಾಡಲಿಲ್ಲ. 'ಸರ್, ಲೈಬ್ರರಿ ಬ್ಯಾಡ್ರಿ. ನನಗ ನನ್ನ ಒಂಬತ್ತನೇ ಕ್ಲಾಸು ಕೊಡ್ರಿ. ಇವತ್ತು ಮೊದಲನೇ ಪಿರಿಯಡ್ ನೀವೂ ಬಂದು ಕೂಡ್ರಿ. ತಪ್ಪಿದ್ರ ನಾನ ಲೈಬ್ರರಿ ಕೀಲಿ ಕೇಳ್ತೀನಿ.'

ಹೆಡ್‌ ಮಾಸ್ತರರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ತರು ಅದೇ ಪಾಠ ತೆಗೆಸಿದರು. 'ಹೋದ ಸಲ ನಿಮ್ಮನ್ನ ಸುಮ್ಮಸುಮ್ಮನ ಹೊಳಿಗೆ ಇಳಸಿದ್ದೆ. ಇವತ್ತು ಸೀಮೆಗೆ ಹೋಗೂಣು. ಸೀಮೆ ಅಂದ್ರ ಏನು? ಯಾರದು ಅದು, ಯಾರು ಗೆರಿ ಎಳದ್ರು, ಎಳದವ್ರನ್ನ ಯಾರು ಕೇಳಿದ್ರು?' ಅಂತ ಶುರು ಮಾಡಿದರು. ಮಕ್ಕಳು ತಮ್ಮ ಹೊಲದ ಬದುವಿನ ಜಗಳ ಹೇಳಿದರು. ಕಾಲುವೆ ತೋಡಿದಾಗ ಅಜ್ಜನ ಹೊಲ ಎರಡು ತುಂಡಾದದ್ದನ್ನು ಒಬ್ಬಳು ಹೇಳಿದಳು. ಹೋದ ಸಲ ಮಾಸ್ತರರನ್ನು ತಿದ್ದಿದವಳು ಅವಳೇ. ಪಿರಿಯಡ್ ಮುಗಿದರೂ ಹೆಡ್‌ ಮಾಸ್ತರರು ಏಳಲಿಲ್ಲ. ಟೈಮ್‌ಟೇಬಲ್ ಬದಲಾಗಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ.

ನಿನ್ನೆ ಸ್ಟಾಫ್‌ ರೂಮಿನಲ್ಲಿ ಸಾಬಣ್ಣ ಮಾಸ್ತರು ಮತ್ತೆ ನನ್ನ ಕುರ್ಚಿ ಹುಡುಕಿಕೊಂಡು ಬಂದರು. ದನಿ ತಗ್ಗಿಸಿದರು.

'ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಹೊಸಾ ರೆಕಾರ್ಡಿಂಗ್ ಭಾಳ ಸಾಫ್ ಅದ. ಅದಕ್ಕ ಕೇಳಾಕತ್ತೇನಿ. ನೀವು ಅಶೋಕ ಅನ್ನೂವಾಗೆಲ್ಲ ಅಸೋಕ ಅಂತೀರಲ್ರಿ, ಯಾಕ?'

ಇಷ್ಟು ವರ್ಷ ಕನ್ನಡ ಕಲಿಸಿದ್ದೇನೆ. ಒಬ್ಬರೂ ಹೇಳಿರಲಿಲ್ಲ.

ಗುಳುಗುಳು ಸದ್ದಿನಲ್ಲಿ ನಮ್ಮ ತಪ್ಪುಗಳೂ ಎಷ್ಟೊಂದು ಮುಚ್ಚಿಹೋಗಿರುತ್ತವೆ, ಅಲ್ಲವೇ?